ಎಪ್ಪತ್ತೆರಡಕ್ಕಿಂತ ಕಡಿಮೆ

ಐದನೆಯ ರೊಟ್ಟಿಯ ಅಂಚು ಸೀಳಿತು. ಮಂದಾರ ಬೆರಳನ್ನು ನೀರಿಗೆ ಅದ್ದಿ ಸೀಳು ಸವರಿ ಮತ್ತೆ ತಟ್ಟತೊಡಗಿದಳು. ಕೈ ತನ್ನಷ್ಟಕ್ಕೆ ಸುತ್ತುತ್ತಿತ್ತು, ಕಣ್ಣು ಮಾತ್ರ ಅಕ್ಕಿ ಡಬ್ಬಿಯ ಮೇಲೆ ಏರಿಸಿಟ್ಟ ಲ್ಯಾಪ್‌ಟಾಪಿನಲ್ಲಿತ್ತು. ಪರದೆಯ ಎಡಕ್ಕೆ ಕೆಂಪು ಬಳಿದ ಸಾಲುಗಳು, ಬಲಕ್ಕೆ ಹಸಿರು. ಕೆಂಪಿನವು ತೆಗೆದುಹಾಕುವಂಥವು, ಹದಿನೆಂಟು ವರ್ಷದ ಹಿಂದೆ ಅವಳೇ ಬರೆದವು. ಹಸಿರಿನವು ಆಫೀಸಿನ ಕಿರಿಯ ಸಹೋದ್ಯೋಗಿ ನಿಖಿತಾಳವು. ಬುಧವಾರ ಹಿಂಜವಾಡಿಯ ಆಫೀಸಿಗೆ ಹೋಗುವ ಕಷ್ಟವಿಲ್ಲ, ಬಿಬವೇವಾಡಿಯ ಈ ಎರಡನೇ ಮಹಡಿಯ ಅಡುಗೆಮನೆಯಿಂದಲೇ ಕೆಲಸ. ಊಟಕ್ಕೆ ಹಿಂದೆ ಜೊತೆಗೆ ಕೆಲಸ ಮಾಡಿದ ಅಂಬಣ್ಣ ಬರುತ್ತಾರೆ. ಅವರಿಗೆ ಮೆತ್ತಗಿನ ರೊಟ್ಟಿಗಿಂತ ಕಟಕ ರೊಟ್ಟಿಯೇ ಪ್ರೀತಿಯಾದ್ದರಿಂದ ಎರಡನ್ನಾದರೂ ಬೇಗ ತಟ್ಟಿ ಒಲೆಯ ಬದಿಗೆ ನಿಲ್ಲಿಸಿ ಒಣಗಿಸಬೇಕು. ಹಿಟ್ಟಿನ ಕೈಯ ಕಿರುಬೆರಳೊಂದನ್ನೇ ಚಾಚಿ ಕೆಳಬಾಣದ ಕೀಲಿ ಒತ್ತಿದಳು. ಕೀಲಿಯ ಮೇಲೆ ಬಿಳಿಯ ಚುಕ್ಕೆ ಉಳಿಯಿತು.

ಅವಳು ಬರೆದದ್ದು ಒಂದು ಭಾಷೆ. ಜನ ಆಡುವ ಭಾಷೆಯಲ್ಲ, ಕಾರ್ಖಾನೆಯ ಯಂತ್ರಗಳಿಗೆ ಹೇಳಿಕೊಡುವ ಪುಟ್ಟ ಭಾಷೆ. ಬಿಸಿ ಇಷ್ಟಕ್ಕಿಂತ ಕಡಿಮೆಯಾದರೆ ಈ ಕವಾಟ ತೆರೆ, ಹೆಚ್ಚಾದರೆ ಮುಚ್ಚು ಎಂಬಷ್ಟನ್ನು ಪಾಳಿಯ ಮೇಲ್ವಿಚಾರಕನೂ ಬರೆಯುವಂತಿರಬೇಕೆಂದು ಕಂಪನಿ ಕೇಳಿತ್ತು. ಹಾಗಾಗಿ ಅದರಲ್ಲಿ ಯಾವ ಹೆಸರಿನಲ್ಲಿ ಏನಿಡುತ್ತೇನೆಂದು ಮೊದಲೇ ಸಾರಿ ಹೇಳುವ ಕಟ್ಟುಪಾಡು ಇರಲಿಲ್ಲ. ‘ಬಿಸಿ’ ಎಂಬ ಹೆಸರಿನಲ್ಲಿ ಈಗ ಪೂರ್ಣಾಂಕ ಇರಬಹುದು, ಆಮೇಲೆ ದಶಾಂಶ, ಮತ್ತೊಮ್ಮೆ ಒಂದು ಪದ, ಏನೂ ಸಿಗದಿದ್ದರೆ ‘ಇಲ್ಲ’. ಈ ಔದಾರ್ಯವೆಲ್ಲ ಮೇಲಿನದು. ಕೆಳಗೆ ಅದನ್ನು ಹೊತ್ತು ನಿಂತದ್ದು ‘ಸಿ’ ಎಂಬ ಹಳೆಯ ಕಂಪ್ಯೂಟರ್ ಭಾಷೆ, ಅದಕ್ಕೆ ಇಂಥ ಸಡಿಲ ಸೇರುವುದಿಲ್ಲ. ‘ಸಿ’ಗೆ ಕಾಣುವುದು ಬರೀ ಬಿಟ್ಟುಗಳು, ಸೊನ್ನೆ ಒಂದುಗಳ ಸಾಲು. ಅದೇ ಎಂಟು ಬೈಟುಗಳನ್ನು ಪೂರ್ಣಾಂಕವೆಂದು ಓದಿದರೆ ಒಂದು, ದಶಾಂಶವೆಂದು ಓದಿದರೆ ಇನ್ನೊಂದು, ವಿಳಾಸವೆಂದು ಓದಿದರೆ ಮತ್ತೊಂದು. ತಾವು ಯಾರೆಂದು ಅವು ಬಾಯಿಬಿಟ್ಟು ಹೇಳುವುದಿಲ್ಲ. ಅದಕ್ಕೇ ಇಪ್ಪತ್ತೊಂಬತ್ತರ ಮಂದಾರ ಪ್ರತಿಯೊಂದು ಮೌಲ್ಯದ ಪಕ್ಕ ಒಂದು ಗುರುತು ಕೂರಿಸಿದ್ದಳು. ಇದು ಅಂಕ, ಇದು ಪದ, ಇದು ಇಲ್ಲ. ಗುರುತಿಗೆ ನಾಲ್ಕು ಬೈಟು, ಸಾಲು ನೇರ ನಿಲ್ಲಲಿ ಎಂದು ಖಾಲಿ ಬಿಟ್ಟದ್ದು ನಾಲ್ಕು, ಮೌಲ್ಯಕ್ಕೆ ಎಂಟು. ಒಟ್ಟು ಹದಿನಾರು. ಗುರುತು ನೋಡದೆ ಮೌಲ್ಯ ಮುಟ್ಟಬಾರದು ಎಂಬುದೊಂದೇ ನೇಮ.

ನಿಖಿತಾ ಈಗ ಎಲ್ಲವನ್ನೂ ಎಂಟರಲ್ಲಿ ಕೂರಿಸಿದ್ದಳು. ದಶಾಂಶಗಳನ್ನು ಬರೆದಿಡುವ ಕ್ರಮದಲ್ಲಿ ‘ಇದು ಸಂಖ್ಯೆಯೇ ಅಲ್ಲ’ ಎಂದು ಹೇಳುವುದಕ್ಕೆ ಒಂದು ದೊಡ್ಡ ಬಯಲನ್ನೇ ಮೀಸಲಿಟ್ಟಿರುತ್ತಾರೆ. ಹೇಳಲು ಒಂದು ವಿನ್ಯಾಸ ಸಾಕು, ಉಳಿದ ಕೋಟ್ಯಂತರ ವಿನ್ಯಾಸಗಳು ಸುಮ್ಮನೆ ಬಿದ್ದಿರುತ್ತವೆ. ಆ ಬಯಲಿನಲ್ಲೇ ಹುಡುಗಿ ಪೂರ್ಣಾಂಕ, ವಿಳಾಸ, ಹೌದು, ಅಲ್ಲ, ಇಲ್ಲ ಎಲ್ಲವಕ್ಕೂ ಬಿಡಾರ ಹಾಕಿಕೊಟ್ಟಿದ್ದಳು. ಪ್ರತ್ಯೇಕ ಗುರುತೇ ಬೇಡ, ಮೌಲ್ಯದ ಮೈಯಲ್ಲೇ ಗುರುತು. ಎಷ್ಟು ಚೆಂದ ಮಾಡಿದ್ದಾಳೆ ಎಂದು ಮಂದಾರಳಿಗೆ ಅನ್ನಿಸಿತು, ಅನ್ನಿಸಿದ ಬೆನ್ನಿಗೇ ಸಣ್ಣದೊಂದು ಚುಚ್ಚು. ತನ್ನ ಸೀರೆಯನ್ನು ಇನ್ನೊಬ್ಬಳು ತನಗಿಂತ ಒಪ್ಪವಾಗಿ ಮಡಚಿಟ್ಟಾಗ ಆಗುವಂಥದ್ದು. ಆ ನಾಲ್ಕು ಖಾಲಿ ಬೈಟುಗಳ ಬಗ್ಗೆ ಅವಳಿಗೆ ಯಾವಾಗಲೂ ನಾಚಿಕೆಯಿತ್ತು. ಯಾರೂ ಕೇಳಿರಲಿಲ್ಲ, ಆದರೂ ಇತ್ತು.

“ರೊಟ್ಟಿ ಸುಡಾಕತ್ತದ ನೋಡ. ನಿನ್ನ ಟೀವಿ ಆಮ್ಯಾಲ,” ಎಂದಳು ಅತ್ತೆ ಕಲ್ಲವ್ವ, ಹೊರಗೆ ಮೆಂತ್ಯ ಸೋಸುತ್ತ ಕೂತಲ್ಲಿಂದಲೇ. ಅವಳಿಗೆ ಮೂಗು ಸಾಕು, ಕಣ್ಣು ಬೇಕಿಲ್ಲ.

“ಟೀವಿ ಅಲ್ರಿ ಅತ್ತಿ, ಆಫೀಸು.”

“ಆಫೀಸಿಗೆ ಹೋದ್ರ ಆಫೀಸು. ಮನ್ಯಾಗ ಕುಂತ್ ನೋಡಿದ್ರ ಟೀವಿನ.”

ರೊಟ್ಟಿ ತಿರುವಿ ಹಾಕುವಷ್ಟರಲ್ಲಿ ಫೋನು ಬಂತು. ಮೊಣಕೈಯಿಂದಲೇ ಸ್ಪೀಕರ್ ಒತ್ತಿದಳು.

“ಮ್ಯಾಮ್, ಬ್ಯುಸಿ ಇದ್ದೀರಾ? ಎರಡೇ ನಿಮಿಷ.” ಚನ್ನರಾಯಪಟ್ಟಣದ ನಿಖಿತಾ ಪುಣೆಗೆ ಬಂದು ಮೂರು ವರ್ಷವಾದರೂ ಪ್ರತಿ ಫೋನನ್ನೂ ಕ್ಷಮೆ ಕೇಳುವಂತೆಯೇ ಶುರುಮಾಡುತ್ತಿದ್ದಳು.

“ರೊಟ್ಟಿ ಮಾಡ್ತಿದ್ದೀನಿ. ಹೇಳು.”

“ಅಯ್ಯೋ, ಜೋಳದ್ದಾ? ನಾಳೆ ನಂಗೊಂದು ತನ್ನಿ ಪ್ಲೀಸ್. ಏನಿಲ್ಲ ಮ್ಯಾಮ್, ಹಳೇ ಕಸ್ಟಮರ್ ಸ್ಕ್ರಿಪ್ಟ್‌ಗಳನ್ನೆಲ್ಲ ಎರಡು ಕೋಡಲ್ಲೂ ಓಡಿಸ್ತಾ ಇದ್ದೆ, ನಿಮ್ಮದು ನಂದು ಒಂದೇ ಉತ್ತರ ಕೊಡುತ್ತಾ ಅಂತ. ಸೆನ್ಸರ್ ಕಿತ್ತಿಟ್ಟು ಓಡಿಸಿದ್ರೆ ಒಂದೇ ಒಂದು ಬೇರೆ ಬರ್ತಿದೆ. ಯಾವುದೋ ಡೈರಿದು, ತುಂಬಾ ಹಳೇದು. ಬಿಸಿ ಎಪ್ಪತ್ತೆರಡಕ್ಕಿಂತ ಕಡಿಮೆ ಇದ್ರೆ ಸ್ಟೀಮ್ ಬಿಡು ಅಂತಿದೆ. ಬಿಸಿ ‘ಇಲ್ಲ’ ಆಗಿದ್ದಾಗ ನಂದು ಎರರ್ ಕೊಟ್ಟು ನಿಲ್ಲುತ್ತೆ. ನಿಮ್ಮದು ‘ಹೌದು, ಕಡಿಮೆ’ ಅನ್ನುತ್ತೆ.”

ಮಂದಾರಳ ಕೈ ಹಿಟ್ಟಿನ ಮೇಲೆಯೇ ನಿಂತಿತು.

“ಆ ಸಾಲು ಯಾರು ಬರೆದದ್ದು ಅಂತ ಬ್ಲೇಮ್ ಹೊಡೆದು ನೋಡ್ದೆ, ನಿಮ್ಮ ಹೆಸರೇ ಬಂತು. ಸಾರಿ!” ನಿಖಿತಾ ನಕ್ಕಳು. “ಬೇಕೂಂತಲೇ ಹಾಗೆ ಇಟ್ಟಿದ್ರಾ? ಇಲ್ಲಾಂದ್ರೆ ಸುಮ್ನೆ ತೆಗೆದುಬಿಡ್ತೀನಿ. ಈಗೆಲ್ಲ ಮೊದಲ ಸಾಲಲ್ಲೇ ವಾಯರ್ ಚೆಕ್ ಇರೋದ್ರಿಂದ ಯಾರಿಗೂ ಗೊತ್ತೂ ಆಗಲ್ಲ.”

“ಊಟ ಆದಮೇಲೆ ಹೇಳ್ತೀನಿ,” ಎಂದಳು ಮಂದಾರ.

ಕೈ ತೊಳೆಯದೆಯೇ ಆ ಸಾಲಿಗೆ ಹೋದಳು. ಎರಡನ್ನು ಹೋಲಿಸುವ ಪುಟ್ಟ ಭಾಗ. ದಶಾಂಶವಾದರೆ ಹೀಗೆ ಹೋಲಿಸು, ಪದವಾದರೆ ಹಾಗೆ, ಉಳಿದದ್ದಕ್ಕೆಲ್ಲ ಪೂರ್ಣಾಂಕದ ಮನೆ ತೆರೆದು ನೋಡು. ಉಳಿದದ್ದಕ್ಕೆಲ್ಲ. ಗುರುತು ನೋಡದೆ ಮೌಲ್ಯ ಮುಟ್ಟಬಾರದೆಂದು ನೇಮ ಮಾಡಿದವಳೇ ಅಲ್ಲಿ ಗುರುತು ನೋಡಿರಲಿಲ್ಲ. ‘ಇಲ್ಲ’ ಎಂಬುದಕ್ಕೆ ಮೌಲ್ಯವೇ ಇಲ್ಲ, ಅದರ ಮನೆ ತೆರೆದರೆ ಏನು ಸಿಗಬೇಕು? ಕಸ ಸಿಗಬೇಕಿತ್ತು. ಕಸ ಸಿಕ್ಕಿದ್ದರೆ ಮೊದಲ ದಿನವೇ ಯಂತ್ರ ಹುಚ್ಚುಚ್ಚಾಗಿ ಆಡಿ ತಪ್ಪು ಬಯಲಾಗುತ್ತಿತ್ತು. ಆದರೆ ಹೊಸ ಮೌಲ್ಯ ಹುಟ್ಟಿಸುವಾಗಲೆಲ್ಲ ಹದಿನಾರೂ ಬೈಟುಗಳನ್ನು ಒಮ್ಮೆಗೇ ಸೊನ್ನೆಯಿಂದ ಒರೆಸಿಬಿಡುವುದು ಅವಳ ರೂಢಿ. ಊಟವಾದ ಮೇಲೆ ಕಟ್ಟೆ ಒರೆಸಿದ ಹಾಗೆ, ಯಾರೂ ಹೇಳಿಕೊಟ್ಟದ್ದಲ್ಲ. ಆ ಸ್ವಚ್ಛತೆಯಿಂದಾಗಿಯೇ ‘ಇಲ್ಲ’ದ ಮನೆಯಲ್ಲಿ ಯಾವಾಗಲೂ ಅಚ್ಚುಕಟ್ಟಾದ ಸೊನ್ನೆ ಕೂತಿರುತ್ತಿತ್ತು. ಸೊನ್ನೆ ಎಪ್ಪತ್ತೆರಡಕ್ಕಿಂತ ಕಡಿಮೆ. ಸ್ಟೀಮ್ ಬಿಡು. ಬಿಡುತ್ತಲೇ ಇರು.

ಅವಳಿಗೆ ಮೂಗಿನಲ್ಲಿ ಹಾಲು ಸೀದ ವಾಸನೆ ಬಂತು. ಹದಿನೈದು ವರ್ಷದ ಹಿಂದೆ ಹಾಲು ಸುಟ್ಟುಹೋದ ಆ ಡೈರಿಗೆ ಅವಳು ಹೋದವಳೇ ಅಲ್ಲ, ಬಂದ ಫೋಟೋಗಳನ್ನು ನೋಡಿದ್ದಳು ಅಷ್ಟೆ. ಹನ್ನೆರಡು ಸಾವಿರ ಲೀಟರಿನ ತೊಟ್ಟಿಯ ಒಳಗೋಡೆಗೆ ಕಂದು ಹೊಪ್ಪಳಿಕೆ. ಅಲ್ಲಿಗೆ ಯಂತ್ರ ಕೂರಿಸಲು ಹೋಗಿದ್ದವರು ಅಂಬಣ್ಣ. ಆಗೆಲ್ಲ ಯಾವುದೇ ಹೊಸ ಆವೃತ್ತಿ ಹೊರಗೆ ಹೋಗುವ ಮುನ್ನ ಶುಕ್ರವಾರ ಮಧ್ಯಾಹ್ನ ಅಂಬಣ್ಣನದೇ ಪರೀಕ್ಷೆ. ಮೇಜಿನ ಮೇಲೆ ಹಲಗೆ, ಹಲಗೆಯ ಮೇಲೆ ಇಪ್ಪತ್ತು ವಾಯರು. ಅವರು ಕಣ್ಣು ಮುಚ್ಚಿ, ಹಾಡೊಂದನ್ನು ಗುನುಗುತ್ತ, ಸಿಕ್ಕಿದ ವಾಯರನ್ನು ಕಿತ್ತು “ಈಗ ಏನಂತದ ನಿನ್ನ ಮಗಳು?” ಎನ್ನುತ್ತಿದ್ದರು. ಭಾಷೆಯನ್ನು ಅವರು ಹಾಗೇ ಕರೆಯುತ್ತಿದ್ದದ್ದು. ಪರದೆಯ ಮೇಲೆ ದೂರು ಮೂಡಿದರೆ “ಶಾಣ್ಯಾ ಅದಾಳ, ಅವ್ವನ ಗತೆ ಬೊಬ್ಬಿ ಹೊಡೀತಾಳ” ಎಂದು ಪಟ್ಟಿಯಲ್ಲಿ ಟಿಕ್ ಹಾಕುತ್ತಿದ್ದರು. ಹೋಲಿಕೆಯ ಆ ಭಾಗವನ್ನು ಬೇಗ ಓಡಲೆಂದು ಅವಳು ಹೊಸದಾಗಿ ಬರೆದ ವಾರದ ಶುಕ್ರವಾರ, ಎಂಟು ತಿಂಗಳ ಕೂಸಿಗೆ ಜ್ವರ ಏರಿದೆಯೆಂದು ಮನೆಯಿಂದ ಫೋನು ಬಂದಿತ್ತು. ಪರೀಕ್ಷೆಗೆ ಹಲಗೆಯನ್ನು ಇನ್ನೂ ಹೊರಗೆ ತೆಗೆದೂ ಇರಲಿಲ್ಲ. “ನೀ ಹೋಗವಾ. ವಾಯರ್ ಎಲ್ಲಿ ಓಡಿ ಹೋಗ್ತಾವ?” ಎಂದು ಅವರೇ ರಿಕ್ಷಾ ನಿಲ್ಲಿಸಿ ಹತ್ತಿಸಿದ್ದರು. ಸೋಮವಾರ ನೋಡಿದರೆ ಪಟ್ಟಿಯಲ್ಲಿ ಇಪ್ಪತ್ತೂ ಟಿಕ್ ಬಿದ್ದಿದ್ದವು. ಅವರೊಬ್ಬರೇ ಆ ಪರೀಕ್ಷೆ ಮಾಡುವಂತಿರಲಿಲ್ಲ, ಯಂತ್ರ ನಡೆಸುವ ಕೀಲಿ ಅವಳ ಹತ್ತಿರವಿತ್ತು. ಅವಳು ಟಿಕ್‌ಗಳನ್ನು ನೋಡಿದಳು, ಅವರು ಅವಳು ನೋಡಿದ್ದನ್ನು ನೋಡಿದರು, ಇಬ್ಬರೂ ಚಹಕ್ಕೆ ಹೋದರು.

ವಿಚಾರಣೆ ನಡೆದ ಕೋಣೆಯಲ್ಲಿ ಎಸಿ ಜೋರಾಗಿತ್ತು. ಡೈರಿಯಲ್ಲಿ ಸೆನ್ಸರಿನ ವಾಯರು ಸಡಿಲವಾಗಿದ್ದದ್ದು ನಿಜ, ಸ್ಕ್ರೂ ಒಂದು ಸುತ್ತು ಬಿಗಿಯಾಗಿರಲಿಲ್ಲ. “ಸೊನ್ನೆ ತೋರಿಸಿದೆ, ಅದಕ್ಕೇ ಸ್ಟೀಮ್ ಬಿಟ್ಟಿದೆ,” ಎಂದರು ಮ್ಯಾನೇಜರು, “ವಾಯರ್ ಟೆಸ್ಟ್ ಆಗಿತ್ತೇ?” ಅಂಬಣ್ಣ ಅವಳ ಕಡೆ ನೋಡದೆ “ಮಾಡೇವ್ರಿ” ಎಂದರು. ಸೊನ್ನೆ ಯಾಕೆ ತೋರಿಸಿತು, ‘ಇಲ್ಲ’ ಎಂದು ಯಾಕೆ ತೋರಿಸಲಿಲ್ಲ? ಆ ಪ್ರಶ್ನೆ ಅವಳಿಗೆ ಆಗ ಬಂದಿರಲಿಲ್ಲವೆಂದು ಹದಿನೈದು ವರ್ಷ ಅವಳು ತನಗೆ ಹೇಳಿಕೊಂಡಿದ್ದಳು. ಬಂದಿತ್ತು. ಬೆಳಗಿನ ಜಾವ ಬಾಗಿಲ ಬೆಲ್ ಆದಾಗ ಇನ್ನೊಬ್ಬರು ತೆಗೆಯಲಿ ಎಂದು ಕಂಬಳಿಯೊಳಗೆ ಇರುವ ಹಾಗೆ ಅವಳು ಅದನ್ನು ಕೇಳಿಸಿಕೊಂಡೂ ಏಳಲಿಲ್ಲ. ಎದೆಹಾಲು ಉಕ್ಕಿ ಬಟ್ಟೆ ಒದ್ದೆಯಾಗಿತ್ತು. ಮುಂದೆ ಕೂತ ಐವರು ಗಂಡಸರಿಗೆ ಅದು ಕಾಣಬಾರದೆಂದು ಫೈಲನ್ನು ಅವುಚಿಕೊಂಡಿದ್ದಳು. ಬೇಗ ಮುಗಿಯಲಿ, ಬೇಗ ಮನೆಗೆ ಹೋಗಲಿ, ಅಷ್ಟೇ ಬೇಕಿತ್ತು. “ಸ್ಕ್ರೂ ನಂದ್ರಿ,” ಎಂದರು ಅಂಬಣ್ಣ. ಮುಗಿಯಿತು. ಅವರನ್ನು ಹೊರಗಿನ ಕೆಲಸದಿಂದ ತೆಗೆದು ಉಗ್ರಾಣಕ್ಕೆ ಹಾಕಿದರು. ದೇಶವೆಲ್ಲ ತಿರುಗಿ ಊರೂರಿನ ಚಹದ ರುಚಿ ಹೇಳುತ್ತಿದ್ದ ಮನುಷ್ಯ, ನಿವೃತ್ತಿಯವರೆಗೂ ಹತ್ತು ವರ್ಷ ಬೋಲ್ಟು ನಟ್ಟು ಎಣಿಸಿದರು. ಪ್ರತಿ ಸ್ಕ್ರಿಪ್ಟಿನ ಮೊದಲ ಸಾಲಲ್ಲಿ ವಾಯರು ಇದೆಯೇ ಎಂದು ಕೇಳತಕ್ಕದ್ದೆಂಬ ನಿಯಮ ಬಂತು. ಆ ನಿಯಮದ ಹಿಂದೆ ಅವಳ ಸಾಲು ಇಷ್ಟು ವರ್ಷ ಬೆಚ್ಚಗೆ ಇತ್ತು.

“ಕಲ್ಲವ್ವಾರ, ಬರ್ಲೇನ್ರಿ?” ಎಂಬ ಕೂಗು ಮೆಟ್ಟಿಲಿನಿಂದಲೇ ಕೇಳಿತು.

ಅಂಬಣ್ಣ ಧನಕವಡಿಯಿಂದ ಸ್ಕೂಟರಿನಲ್ಲಿ ಬಂದಿದ್ದರು, ಕೈಯಲ್ಲಿ ಹೆಂಡತಿ ರಂಗೂಬಾಯಿ ಕೊಟ್ಟುಕಳಿಸಿದ ಶೇಂಗಾ ಚಟ್ನಿಯ ಪೊಟ್ಟಣ. ಅರವತ್ತೈದಾದರೂ ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಸಣ್ಣ ಸ್ಕ್ರೂಡ್ರೈವರು. ಒಳಗೆ ಬಂದವರೇ ಬಾಗಿಲ ಚಿಲಕ ಅಲುಗಾಡಿಸಿ ನೋಡಿ ಎರಡು ತಿರುಪು ತಿರುಗಿಸಿದರು.

“ಬಂದ್ರ ಕೂಡ್ರೂದಿಲ್ಲ ಈತ,” ಎಂದಳು ಕಲ್ಲವ್ವ. “ನಮ್ಮ ಮನೀ ಬಾಗಲಾ ಏನ್ ಓಡಿ ಹೋಗತದ?”

“ಸಡ್ಲ ಆಗಿತ್ರಿ. ಸಡ್ಲ ಇದ್ದದ್ದು ಕಂಡ್ರ ನನಗ ಅನ್ನಾ ಇಳಿಯೂದಿಲ್ಲ.”

“ಅನ್ನಾ ಮಾಡಿಲ್ಲ, ರೊಟ್ಟಿ ಅದ. ಇಳೀತದ, ಕೂಡ್ರು.”

ಎಲ್ಲರೂ ನಕ್ಕರು, ಮಂದಾರಳೂ ನಕ್ಕಳು. ಧನಕವಡಿಯ ಅವರ ಸೊಸೈಟಿಯಲ್ಲಿ ಯಾರ ಮನೆಯ ನಲ್ಲಿ, ಯಾರ ಫ್ಯಾನು, ಯಾರ ಕಿಟಕಿಯ ಕೊಂಡಿ ಎಂದು ಇಡೀ ದಿನ ಬಿಗಿ ಮಾಡುತ್ತ ತಿರುಗುತ್ತಾರೆಂದೂ, ಮರಾಠಿ ಮಂದಿ ಅವರನ್ನು ಪ್ರೀತಿಯಿಂದ ‘ಪಾನಾ ಕಾಕಾ’, ಅಂದರೆ ಸ್ಪ್ಯಾನರ್ ಕಾಕಾ, ಎಂದು ಕರೆಯುತ್ತಾರೆಂದೂ ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದು ಇವತ್ತು ಬೇರೆಯಾಗಿ ಕಾಣುತ್ತಿತ್ತು. ಕಟಕ ರೊಟ್ಟಿ ಮುರಿಯುವ ಅವರ ಕೈಯ ಬೆರಳುಗಳ ತುದಿಗಳು ಚಪ್ಪಟೆಯಾಗಿದ್ದವು. ಎಷ್ಟು ತಿರುಪುಗಳನ್ನು ಈ ಬೆರಳು ಮುಟ್ಟಿ ನೋಡಿರಬೇಕು ಈ ಹದಿನೈದು ವರ್ಷದಲ್ಲಿ, ಆ ಒಂದರ ಲೆಕ್ಕಕ್ಕೆ.

ಊಟದ ನಡುವೆ ಅವಳು ಆಹ್ವಾನದ ಕಾರ್ಡು ತಂದು ಅವರ ತಟ್ಟೆಯ ಪಕ್ಕ ಇಟ್ಟಳು. ಮುಂದಿನ ಶುಕ್ರವಾರ ಹಿಂಜವಾಡಿಯ ಆಫೀಸಿನಲ್ಲಿ ಸಮಾರಂಭ. ಭಾಷೆಗೆ ಹದಿನೆಂಟು ವರ್ಷ ತುಂಬಿತೆಂದು ಅವಳಿಗೆ ಶಾಲು ಹೊದಿಸುತ್ತಾರೆ, ಹಳಬರನ್ನೆಲ್ಲ ಕರೆದಿದ್ದಾರೆ, ಕಾರು ಕಳಿಸುತ್ತಾರೆ. ಅಂಬಣ್ಣ ಎಡಗೈಯಲ್ಲಿ ಕಾರ್ಡು ತಿರುಗಿಸಿ ನೋಡಿದರು, ಅವಳ ಹೆಸರಿನ ಮೇಲೆ ಹೆಬ್ಬೆರಳು ಆಡಿಸಿದರು.

“ಭಾಳ ಚಂದ ಆತು. ನನ್ನ ತಂಗೀಗೆ ಶಾಲು. ಫೋಟೋ ಕಳಸವಾ.”

“ಫೋಟೋ ಅಲ್ರಿ, ನೀವು ಬರಬೇಕು.”

“ನಾ ಬ್ಯಾಡ ತಂಗಿ.” ರೊಟ್ಟಿಯ ಚೂರಿನಿಂದ ಚಟ್ನಿಯನ್ನು ಒಂದು ಕಡೆ ಒತ್ತರಿಸಿದರು. “ಹಳೇ ಮಂದಿ ಇರ್ತಾರ. ‘ಅರೇ, ಹಾಲು ಸುಟ್ಟ ಅಂಬಣ್ಣ ಬಂದಾನ’ ಅಂತಾರ. ಚ್ಯಾಷ್ಟಿಗೇನ ಅಂತಾರ, ಬ್ಯಾರೆ ಏನಲ್ಲ. ನಾನೂ ನಗಬೇಕು, ನೀನೂ ನಗಬೇಕು. ಯಾಕ ಬೇಕು?”

“ಇಷ್ಟು ವರ್ಷದ ಮ್ಯಾಲೆ ಯಾರಿಗೆ ನೆನಪಿರ್ತದ್ರಿ?”

“ಮನ್ಯಾಗ ಇರ್ತದಲ್ಲ!” ಅಂಬಣ್ಣ ಕಣ್ಣು ಮಿಟುಕಿಸಿದರು. “ನಮ್ಮ ರಂಗೂ ಇವತ್ತಿಗೂ ನನ್ನ ಹಾಲು ಕಾಯಿಸಾಕ ಬಿಡೂದಿಲ್ಲ. ಆಕಿ ಮಗಳ ಮನಿಗೆ ನಾಲ್ಕ ದಿನ ಹೋದ್ರ ಪುಡಿ ಹಾಲು ತಂದಿಟ್ಟು ಹೋಗ್ತಾಳ. ‘ಹಾಲಿನ ಸುದ್ದಿಗೆ ನೀವು ಬರಬ್ಯಾಡ್ರಿ, ಹನ್ನೆರಡ ಸಾವಿರ ಲೀಟರ್ ಸಾಕು’ ಅಂತಾಳ. ಬೀಗರ ಮುಂದೂ ಅಂತಾಳ.”

ಕಲ್ಲವ್ವ ಸೆರಗು ಬಾಯಿಗಿಟ್ಟು ನಕ್ಕಳು. “ಹೆಂತಾ ಹೆಣಮಗಳೋ! ಅಂವಾ ಒಂದ ಸಲಾ ಸುಟ್ಟಿದ್ದು ಸಾಯೂತನಾ ಹಾಡ್ತಾಳ.”

“ಆಕೀದೂ ಖರೇನ ಅದರಿ. ಸಡ್ಲ ಬಿಟ್ಟಾಂವ ನಾನಲ್ಲ?”

ಅವರು ನಗುತ್ತಿದ್ದರು, ಆದರೆ ಕಾರ್ಡನ್ನು ತಟ್ಟೆಯಿಂದ ದೂರ, ನೀರು ತಾಗದ ಕಡೆ, ಬೋರಲಾಗಿ ಇಟ್ಟಿದ್ದರು. ಹದಿನೈದು ವರ್ಷ ತನ್ನ ಮನೆಯ ಹಾಲನ್ನು ತಾನು ಕಾಯಿಸದ ಮನುಷ್ಯ. ಮಂದಾರ ಅವರ ಮನೆಗೆ ಎಷ್ಟು ಸಲ ಹೋಗಿದ್ದಾಳೆ, ರಂಗೂಬಾಯಿಯ ಕೈಯ ಚಹ ಎಷ್ಟು ಸಲ ಕುಡಿದಿದ್ದಾಳೆ, ಆ ತಮಾಷೆಗೆ ತಾನೂ ಎಷ್ಟು ಸಲ ನಕ್ಕಿದ್ದಾಳೆ. ನಗುವಾಗ ತುಟಿ ಹೇಗೆ ಅಗಲವಾಗುತ್ತಿತ್ತೋ ಅದನ್ನು ಈಗ ಹೊರಗಿನಿಂದ ನೋಡಿದಂತಾಗಿ ಕತ್ತು ಬಿಸಿಯಾಯಿತು. ಕೇಳಬಾರದೆಂದುಕೊಂಡಿದ್ದನ್ನು ಕೇಳಿಯೇಬಿಟ್ಟಳು.

“ಆ ಶುಕ್ರವಾರದ್ದು ನೆನಪದ ಏನ್ರಿ ನಿಮಗ? ಟೆಸ್ಟ್ ಮಾಡಲಾರದ್ದು?”

ಅಂಬಣ್ಣ ತಲೆಯೆತ್ತಲಿಲ್ಲ. “ಕೂಸಿಗೆ ನೂರಾ ಮೂರು ಜ್ವರಾ ಇತ್ತು. ಅದ ನೆನಪದ. ಈಗ ಹನ್ನೊಂದನೇತ್ತೇನು ಆಕಿ? ಗಣಿತಾ ತಗೊಂಡಾಳೇನು?”

“ಅವತ್ತು ಟೆಸ್ಟ್ ಮಾಡಿದ್ರ—”

“ಮಾಡಿದ್ರ ಏನಾಗ್ತಿತ್ತು?” ಈಗ ನೋಡಿದರು, ಸಣ್ಣ ಮಗುವಿಗೆ ತಿಳಿಹೇಳುವ ಮುಖದಿಂದ. “ವಾಯರ್ ಪೂರಾ ಕಿತ್ತು ಬಂದಿದ್ರ ನಿನ್ನ ಮಗಳು ಬೊಬ್ಬಿ ಹೊಡೀತಿದ್ಲು, ಅದು ನನಗ ಗೊತ್ತಿಲ್ಲೇನು? ಅರ್ಧಂಬರ್ಧ ತಾಗಿಕೊಂಡಿತ್ತು. ಅದಕ್ಕ ಸೊನ್ನಿ ತೋರಿಸ್ತು. ಅರ್ಧಂಬರ್ಧ ಬಿಟ್ಟಾಂವ ನಾನು. ಇದನ್ನ ನಾ ಉಗ್ರಾಣದಾಗ ಕುಂತು ಒಂದ ವರ್ಷ ವಿಚಾರ ಮಾಡಿ ಕಂಡಹಿಡದೀನಿ. ನಿನ್ನ ಭಾಷೆದ್ದು ಏನೂ ತಪ್ಪಿಲ್ಲ. ನೀ ಅದನ್ನ ತಲ್ಯಾಗ ಇಟ್ಕೋಬ್ಯಾಡ.”

ಒಂದು ವರ್ಷ. ಬೋಲ್ಟುಗಳ ಡಬ್ಬಿಗಳ ನಡುವೆ ಕೂತು, ಅವಳ ಭಾಷೆಗೆ ಕಳಂಕ ಬಾರದ ಹಾಗೆ ಆ ಸೊನ್ನೆಗೆ ಒಂದು ವಿವರಣೆ ಹುಡುಕಿದ್ದರು. ವಿವರಣೆ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಅದರೊಳಗೆ ಅವರೊಬ್ಬರಿಗೇ ಜಾಗವಿತ್ತು. ಮಂದಾರ ಬಾಯಿ ತೆರೆದಳು. ಹೇಳಬೇಕಾದ ವಾಕ್ಯ ಚಿಕ್ಕದಿತ್ತು, ಪೂರಾ ಕಿತ್ತು ಬಂದಿದ್ದರೂ ಅದು ಸೊನ್ನೆಯನ್ನೇ ತೋರಿಸುತ್ತಿತ್ತು ಎಂದು. ಅಷ್ಟರಲ್ಲಿ ಕಲ್ಲವ್ವ ಮಜ್ಜಿಗೆಯ ತಂಬಿಗೆ ಎತ್ತಿ, “ಸುಟ್ಟಿದ್ದು ಉಕ್ಕಿದ್ದು ಸಾಕಿನ್ನ, ಮಜ್ಜಿಗಿ ಕುಡಿ,” ಎಂದು ಅಂಬಣ್ಣನ ಲೋಟಕ್ಕೆ ಸುರಿದಳು. ಅವರು ಗಟಗಟ ಕುಡಿದು, ಮೀಸೆ ಒರೆಸಿ, ಹನ್ನೊಂದನೇತ್ತೆಯ ಗಣಿತದ ಮಾತಿಗೆ ಹೋದರು. ಮಂದಾರ ತಟ್ಟೆಗಳನ್ನು ಒಂದರೊಳಗೊಂದು ಜೋಡಿಸಿದಳು. ಅತ್ತೆ ಅಡ್ಡ ಬಂದದ್ದಕ್ಕೆ ತನಗೆ ಆದದ್ದು ಸಿಟ್ಟಲ್ಲ, ಎಸಿ ಕೋಣೆಯಲ್ಲಿ ಆಗಿದ್ದ ಅದೇ ನಿರಾಳ ಎಂದು ಸಿಂಕಿನ ಮುಂದೆ ನಿಂತಾಗ ತಿಳಿಯಿತು. ಅಷ್ಟು ವರ್ಷದ ಮೇಲೂ ಅದು ಮೈಯಲ್ಲಿ ಅದೇ ಜಾಗದಲ್ಲಿ, ಭುಜಗಳ ನಡುವೆ, ಇಳಿಯಿತು.

ಹೋಗುವಾಗ ಅಂಬಣ್ಣ ಅಡುಗೆಮನೆಗೆ ಬಂದು ಗ್ಯಾಸಿನ ನಾಬು ಮುಟ್ಟಿ ನೋಡಿದರು. ಹೊಸ್ತಿಲ ಬಳಿ ಅವಳ ತಲೆಯ ಮೇಲೆ ಕೈಯಿಟ್ಟು, “ಶಾಲು ಹೊದಿಸಿದಾಗ ಅಳಬ್ಯಾಡ ಮತ್ತ, ಫೋಟೋದಾಗ ಚಂದ ಬರೂದಿಲ್ಲ,” ಎಂದರು. ಕಾರ್ಡು ಮೇಜಿನ ಮೇಲೆ ಬೋರಲಾಗಿಯೇ ಉಳಿಯಿತು. ಕೆಳಗೆ ವಾಚ್‌ಮನ್ನನೊಂದಿಗೆ ಮರಾಠಿಯಲ್ಲಿ ಏನೋ ತಮಾಷೆ ಮಾಡಿದ್ದು, ಗೇಟಿನ ಕೊಂಡಿಯನ್ನು ಎರಡು ಸಲ ಅಲುಗಾಡಿಸಿದ್ದು ಕೇಳಿತು. ಆಮೇಲೆ ಸ್ಕೂಟರು.

ಮಂದಾರ ಲ್ಯಾಪ್‌ಟಾಪಿನ ಮುಂದೆ ಕೂತಳು. ನಿಖಿತಾಳ ಮಾತಿನ ಮೇಲೆ ಬಿಡದೆ ತಾನೇ ಹಳೆಯದನ್ನು ಓಡಿಸಿ ನೋಡಿದಳು. ಬಿಸಿ ಎಂಬ ಹೆಸರಿನಲ್ಲಿ ‘ಇಲ್ಲ’ ಇಟ್ಟು, ಎಪ್ಪತ್ತೆರಡಕ್ಕಿಂತ ಕಡಿಮೆಯೇ ಎಂದು ಕೇಳಿದಳು. ಹೌದು, ಎಂದಿತು. ಒಂದಕ್ಕಿಂತ ಕಡಿಮೆಯೇ? ಹೌದು. ಸೊನ್ನೆಗಿಂತ? ಅಲ್ಲ. ಸೊನ್ನೆಗೆ ಸಮವೇ? ಹೌದು. ಯಾವ ಅಳುಕೂ ಇಲ್ಲದೆ, ಪಾಠ ಒಪ್ಪಿಸುವ ಮಗುವಿನ ಹಾಗೆ ಉತ್ತರಿಸಿತು. ಅವಳಿಗೆ ಅದರ ಮೇಲೆ ಸಿಟ್ಟು ಬರಲಿಲ್ಲ. ತಾನು ಹೇಳಿಕೊಟ್ಟದ್ದನ್ನೇ ಅದು ಹೇಳುತ್ತಿತ್ತು. ಇಪ್ಪತ್ತು ವಾಯರಿನಲ್ಲಿ ಯಾವ ಒಂದನ್ನು ಕಣ್ಣುಮುಚ್ಚಿ ಕಿತ್ತಿದ್ದರೂ ಆ ಶುಕ್ರವಾರ ಇದು ಸಿಕ್ಕಿಬೀಳುತ್ತಿತ್ತು. ಅರ್ಧ ತಾಸಿನ ಕೆಲಸ. ಆ ಅರ್ಧ ತಾಸನ್ನು ಅಂಬಣ್ಣ ಅವಳ ಕೂಸಿಗೆ ಕೊಟ್ಟರು, ಕೊಟ್ಟದ್ದನ್ನು ಯಾರಿಗೂ ಹೇಳಲಿಲ್ಲ. ಅದರ ಬದಲಿಗೆ ಹೋದದ್ದು ಅವರ ಊರೂರಿನ ಚಹ.

ನಿಖಿತಾಳ ಸಂದೇಶ ಬಂದಿತ್ತು. “ಮ್ಯಾಮ್ ಊಟ ಆಯ್ತಾ? ಆ ‘ಇಲ್ಲ’ದ್ದು ಏನ್ ಮಾಡ್ಲಿ? ಸುಮ್ನೆ ತೆಗೆದುಬಿಡ್ಲಾ, ನೋಟ್ಸಲ್ಲಿ ಏನೂ ಬರೆಯದೆ? ಫಂಕ್ಷನ್ ಮುಂಚೆ ಯಾಕೆ ಸುಮ್ನೆ.” ಜೊತೆಗೆ ಶಾಲಿನ ಚಿತ್ರವೊಂದು. ಮಂದಾರ ಅದನ್ನು ಎರಡು ಸಲ ಓದಿದಳು. ಒಬ್ಬರಾದ ಮೇಲೊಬ್ಬರು ತನ್ನನ್ನು ಹೀಗೆ ಕಾಯುತ್ತಲೇ ಬಂದಿದ್ದಾರೆ. ಕಾಯುವವರ ಮುಖದಲ್ಲಿ ಒಂದೇ ಬಗೆಯ ನಗು ಇರುತ್ತದೆ, ಆ ನಗುವಿನೆದುರು ಸುಮ್ಮನಿರುವುದು ಎಷ್ಟು ಸುಲಭ. ಅವಳು ಬರೆದಳು: “ನಿನ್ನದೇ ಸರಿ. ಎರರ್ ಕೊಟ್ಟು ನಿಲ್ಲಲಿ. ನೋಟ್ಸಲ್ಲಿ ಬರೆ: ಹಳೆಯ ಹೋಲಿಕೆಯಲ್ಲಿ ಗುರುತು ನೋಡುತ್ತಿರಲಿಲ್ಲ, ‘ಇಲ್ಲ’ವನ್ನು ಸೊನ್ನೆಯೆಂದು ಓದುತ್ತಿತ್ತು, ವಾಯರ್ ಕಿತ್ತರೆ ದೂರು ಬರುತ್ತಿರಲಿಲ್ಲ. ಬರೆದದ್ದು ನಾನು. ಯಾವ ವರ್ಷವೆಂದೂ ಹಾಕು.” ಒಂದು ಕ್ಷಣ ಬಿಟ್ಟು, “ನಾಳೆ ರೊಟ್ಟಿ ತರ್ತೀನಿ,” ಎಂದು ಸೇರಿಸಿ ಕಳಿಸಿದಳು.

ಆದರೆ ಅದರಿಂದ ಏನಾಯಿತು? ಆ ನೋಟ್ಸನ್ನು ಓದುವವರು ನಾಲ್ಕು ಜನ, ನಾಲ್ವರಿಗೂ ಅಂಬಣ್ಣ ಯಾರೆಂದು ಗೊತ್ತಿಲ್ಲ. ಶಾಲು ಹೊದಿಸಿಕೊಂಡು ಮೈಕಿನ ಮುಂದೆ ಹೇಳಬಹುದು. ಹೇಳಿದರೆ ಜನ ಚಪ್ಪಾಳೆ ತಟ್ಟುತ್ತಾರೆ, ಎಂಥ ದೊಡ್ಡ ಮನಸ್ಸು ಎನ್ನುತ್ತಾರೆ, ತಪ್ಪೊಪ್ಪಿಕೊಂಡದ್ದಕ್ಕೂ ಅವಳಿಗೇ ಇನ್ನೊಂದು ಶಾಲು. ಅಂಬಣ್ಣನೊಬ್ಬರಿಗೇ ಹೇಳಬಹುದು. ಅವರು ತಲೆಯ ಮೇಲೆ ಕೈಯಿಟ್ಟು ಹೋಗಲಿ ಬಿಡು ಎಂದು, ಮೆಟ್ಟಿಲಿಳಿಯುವಷ್ಟರಲ್ಲಿ ಮತ್ತೆ ಅವಳ ಪರವಾಗಿ ಹೊಸ ವಿವರಣೆಯೊಂದನ್ನು ಹುಡುಕಿಕೊಂಡುಬಿಡುತ್ತಾರೆ, ಮನೆಗೆ ಹೋಗಿ ಬಾಯಿ ಬಿಡುವುದಿಲ್ಲ, ರಂಗೂಬಾಯಿ ಪುಡಿ ಹಾಲು ತರುವುದು ನಿಲ್ಲುವುದಿಲ್ಲ. ಅವರಿಗೆ ತಿಳಿದರೆ ಸಾಲದು. ತಿಳಿಯಬೇಕಾದವಳು ಇನ್ನೊಬ್ಬಳು ಇದ್ದಾಳೆ. ಪರೀಕ್ಷೆ ಮಾಡದೆ ಟಿಕ್ ಹಾಕಿದರೆಂಬುದು, ಯಾಕೆ ಹಾಕಿದರೆಂಬುದು, ಆ ಟಿಕ್ಕನ್ನು ನೋಡಿದವಳು ಐವರ ಮುಂದೆ ಫೈಲು ಅವುಚಿಕೊಂಡು ಕೂತಿದ್ದಳೆಂಬುದು, ಎಲ್ಲವೂ ಆ ಮನೆಯಲ್ಲಿ, ಅವರ ಹೆಂಡತಿಯ ಕಿವಿಗೆ ಬೀಳುವಂತೆ. ಕೇಳಿ ರಂಗೂಬಾಯಿ ಏನು ಅನ್ನಬಹುದು? ಬೈಯಬಹುದು. ಆಕೆಯ ಬಾಯಿ ಸಣ್ಣದಲ್ಲ. ಮತ್ತೆಂದೂ ಶೇಂಗಾ ಚಟ್ನಿ ಬಾರದಿರಬಹುದು. ಅಂಬಣ್ಣನಿಗೂ ಇದು ಇಷ್ಟವಾಗದಿರಬಹುದು, ಇಷ್ಟು ವರ್ಷ ಕಷ್ಟಪಟ್ಟು ಕಟ್ಟಿಕೊಂಡದ್ದನ್ನು ಯಾಕೆ ಬಿಚ್ಚಿದೆ ಎನ್ನಬಹುದು. ಅದನ್ನೆಲ್ಲ ನಿಂತು ಕೇಳಬೇಕು, ಅಷ್ಟೆ.

“ರವಿವಾರ ಶೀತಲ್‌ನ ಮಗನ ಹೆಸರಿಡೂದದ,” ಎಂದಳು ಕಲ್ಲವ್ವ, ನೆಂಟರ ಫೋನು ಮುಗಿಸಿ ಒಳಗೆ ಬಂದು. “ಹತ್ತಕ್ಕ ಹೊರಡಬೇಕಂತ. ಯಾವ ಸೀರಿ ಉಡ್ತಿ?”

“ನೀವು ನಿಮ್ಮ ಮಗನ ಜೋಡಿ ಹೋಗ್ಬರ್ರಿ ಅತ್ತಿ. ನನಗ ಕೆಲಸ ಅದ.”

“ರವಿವಾರ ಹೆಂತಾ ಕೆಲಸ? ಟೀವಿ?”

“ಹೊರಗಿಂದು,” ಎಂದಳು ಮಂದಾರ.

ಕಲ್ಲವ್ವ ಅವಳ ಮುಖವನ್ನು ಒಂದು ಗಳಿಗೆ ಹೆಚ್ಚೇ ನೋಡಿದಳು. ಆಮೇಲೆ ಮೆಂತ್ಯದ ಬುಟ್ಟಿ ಎತ್ತಿಕೊಂಡು ಹೋದಳು.

ಮಂದಾರ ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡಳು. ಎದುರಿನ ರಸ್ತೆಯಲ್ಲಿ ಶಾಲೆ ಬಿಟ್ಟ ವ್ಯಾನುಗಳು ಹಾರ್ನು ಹೊಡೆಯುತ್ತಿದ್ದವು. ಮೂರನೆಯ ರಿಂಗಿಗೆ ರಂಗೂಬಾಯಿ ಎತ್ತಿದಳು.

“ಯಾಕವಾ, ನಮ್ಮವ್ರು ಮುಟ್ಟಿಲ್ಲೇನು ಇನ್ನ?”

“ಈಗ ಹೊಂಟಾರ್ರಿ. ಚಟ್ನಿ ಭಾಳ ರುಚಿ ಆಗಿತ್ತು ವೈನಿ. ರವಿವಾರ ಮುಂಜಾನೆ ಹತ್ತಕ್ಕ ಮನ್ಯಾಗ ಇರ್ತೀರಿ?”

“ಅವರು ಇರ್ತಾರ, ಎಲ್ಲಿ ಹೋಗ್ತಾರ? ಯಾರದ ಮನೀ ನಲ್ಲಿ ಹಿಡ್ಕೊಂಡು ನಿಂತಿದ್ರ ಎಳಕೊಂಡ ಬಂದು ಕೂಡಿಸಿ ಹೋಗ್ತೀನಿ. ನಾ ಆ ಹೊತ್ತಿಗೆ ಮಂಡಿಗೆ ಹೋಗಿರ್ತೀನಿ, ಕಾಯಿಪಲ್ಲೆ ತರಾಕ.”

“ಮಂಡಿಗೆ ಆಮ್ಯಾಲೆ ಹೋಗೂನು, ನಾನೂ ಬರ್ತೀನಿ ನಿಮ್ಮ ಜೋಡಿ,” ಎಂದಳು ಮಂದಾರ. “ನೀವು ಇರ್ರಿ ವೈನಿ. ನೀವು ಇರಬೇಕು.”